ಟೀವಿಯಲ್ಲಿ ಬಂದ ಕೈ

ಇವತ್ತು ಮಧ್ಯಾಹ್ನ ಕರೆಂಟು ಹೋಗಿಬಿಟ್ಟರೆ ಎಂದು ಧಾರಿಣಿ ರಜಾಯಿ ಹೊದ್ದು ಮಲಗಿದ್ದಲ್ಲಿಂದಲೇ ಆಸೆಪಟ್ಟಳು. ಡೆಲ್ಲಿಯ ಮುನಿರ್ಕಾದ ಈ ಗಲ್ಲಿಯಲ್ಲಿ ಅದೇನು ದೊಡ್ಡ ಆಸೆಯಲ್ಲ. ತಂತಿಗಳು ಕಿಟಕಿಗೆ ತಾಗುವಷ್ಟು ಹತ್ತಿರ ಗೋಜಲಾಗಿ ನೇತಾಡುತ್ತಿದ್ದವು, ಎದುರುಮನೆಯವರು ಗೀಸರ್ ಹಾಕಿದರೂ ಸಾಕಿತ್ತು. ಆದರೆ ಇಲ್ಲಿ ಹೋದರೆ ಏನು ಬಂತು, ಗೆಳತಿ ಮುಬೀನಾಳ ಊರು ತಿಪಟೂರಿನಲ್ಲಿ ಹೋಗಬೇಕಲ್ಲ. ಹೊರಗೆ ಮಂಜು ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು. ಇದು ಸಂಕ್ರಾಂತಿಯ ಬೆಳಗು ಎಂದು ಹೇಳುವಂಥದ್ದು ಆ ಕೋಣೆಯಲ್ಲಿ ಯಾವುದೂ ಇರಲಿಲ್ಲ, ಗ್ಯಾಸ್ ಒಲೆಯ ಪಕ್ಕದ ಸ್ಟೀಲ್ ಡಬ್ಬಿಯೊಂದನ್ನು ಬಿಟ್ಟರೆ. ಟೀವಿಯವರಲ್ಲಿಗೆ ತೆಗೆದುಕೊಂಡು ಹೋಗಿ ಉಳಿದಿದ್ದ ಎಳ್ಳು ಬೆಲ್ಲ ಅದರಲ್ಲಿತ್ತು. ಅದನ್ನು ಇಬ್ಬರೂ ಮುಟ್ಟಿರಲಿಲ್ಲ.

"ಅಮ್ಮಿ ಫೋನ್ ಮಾಡಿದ್ರು," ಎಂದಳು ಮುಬೀನಾ, ಚಹಾ ಕುದಿಯುವುದನ್ನು ನೋಡುತ್ತ. "ಕೇಬಲ್‌ನವನನ್ನ ಮನೆಗೇ ಕರೆಸಿದಾರಂತೆ. ಇವತ್ತು ನಾವು ಬರೋ ಹಿಂದಿ ಚಾನೆಲ್ಲು ನಮ್ಮನೇಲಿ ಬರ್ತಿರ್ಲಿಲ್ಲ, ಈಗ ಹಾಕಿಸ್ಕೊಂಡ್ರಂತೆ. ಪಕ್ಕದ್ಮನೆ ಲೀಲಮ್ಮನ್ನೂ ಕರ್ಕೊಂಡು ಬಂದು ಕೂರಿಸ್ತಾರಂತೆ."

"ಲೀಲಮ್ಮಂಗೆ ಹಿಂದಿ ಬರುತ್ತಾ?"

"ಎಲ್ಲಿ ಬರುತ್ತೆ! ಅಮ್ಮಿ ಪಕ್ಕದಲ್ಲೇ ಕೂತು ಒಂದೊಂದು ಮಾತಿಗೂ ಅರ್ಥ ಹೇಳ್ತಾರೆ ಬಿಡು. ಅದಕ್ಕೇ ಕಾಯ್ತಾ ಇದಾರೆ."

ಧಾರಿಣಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಲೀಲಮ್ಮನಿಗೆ ಹಿಂದಿ ಬಾರದೆಂಬುದನ್ನೇ ಹಿಡಿದುಕೊಂಡು ಅವಳು ಹೋದ ಶನಿವಾರದಿಂದ ಇಲ್ಲಿಯವರೆಗೆ ಬಂದಿದ್ದಳು. ಇನ್ನು ಉಳಿದದ್ದು ಒಂದೇ: ಆ ಮಾತನ್ನು ಅವರು ಕತ್ತರಿಸಿ ಹಾಕಿರಬೇಕು. ಟೀವಿಯವರು ಎಷ್ಟೋ ಕತ್ತರಿಸುತ್ತಾರೆ. ಒಂದು ಗಂಟೆ ಕೂರಿಸಿ ಹತ್ತು ನಿಮಿಷ ತೋರಿಸುತ್ತಾರೆ. ನೋಯ್ಡಾದ ಆ ಸ್ಟುಡಿಯೋದಲ್ಲಿ, ಮುಬೀನಾ ಪಕ್ಕದ ಕುರ್ಚಿಯಲ್ಲಿ ಕೂತಿರುವಾಗಲೇ, ಅವಳೇ ಮಾಡಿದ್ದ ಎಳ್ಳು ಬೆಲ್ಲದ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಧಾರಿಣಿ ಹೇಳಿದ್ದಳು: ನನ್ನ ಗೆಳತಿ ಸ್ವಲ್ಪ ಸಹಾಯ ಮಾಡಿದಳು. ಎಷ್ಟು ಸಣ್ಣ ಮಾತು. ಅದನ್ನು ತೆಗೆದರೆ ಕಾರ್ಯಕ್ರಮಕ್ಕೆ ಏನೂ ಕಡಿಮೆಯಾಗುವುದಿಲ್ಲ.

"ಏಳು, ಚಹಾ ಆರತ್ತೆ," ಎಂದಳು ಮುಬೀನಾ. ದಿನವೂ ಹೇಳುವ ಹಾಗೆಯೇ ಹೇಳಿದಳು. ಶನಿವಾರದಿಂದ ಅವಳು ಎಲ್ಲವನ್ನೂ ದಿನವೂ ಹೇಳುವ ಹಾಗೆಯೇ ಹೇಳುತ್ತಿದ್ದಳು. ಅದರಲ್ಲಿ ಏನಾದರೂ ಹೆಚ್ಚು ಕಡಿಮೆ ಇದೆಯೇ ಎಂದು ಧಾರಿಣಿ ಕಿವಿಯಿಟ್ಟು ಹುಡುಕುತ್ತಿದ್ದಳು, ಸಿಕ್ಕಿದ್ದರೆ ಹಗುರವಾಗುತ್ತಿತ್ತು. ಸಿಕ್ಕಿರಲಿಲ್ಲ.

ಆಗಸ್ಟಿನಲ್ಲಿ ಗುರುಗ್ರಾಮದ ಆಫೀಸಿನಲ್ಲಿ ಧಾರಿಣಿಯ ಗಂಡ ಹೃಷಿಕೇಶ ಕುರ್ಚಿಯಿಂದ ಜಾರಿ ಬಿದ್ದವನು ಮತ್ತೆ ಏಳದೆ ಹೋದ ಮೇಲೆ, ಬಂದವರೆಲ್ಲ ಬಂದು ಹೋದ ಮೇಲೆ, ಮುಬೀನಾ ಒಂದು ದಿನ ಆಟೋ ಮಾಡಿಕೊಂಡು ಬಂದು ಹತ್ತೊಂಬತ್ತನೇ ಮಹಡಿಯ ಆ ಫ್ಲ್ಯಾಟಿನಲ್ಲಿ ನಿಂತು, "ಏನೇನು ತಗೊಳ್ಳಬೇಕು ಹೇಳು," ಎಂದಿದ್ದಳು. ಎಂಎ ಓದುವಾಗ ಒಟ್ಟಿಗೆ ಇದ್ದವರು. ಧಾರಿಣಿ ಮದುವೆಯಾಗಿ ಹೋದಳು, ಮುಬೀನಾ ಅದೇ ವಿಶ್ವವಿದ್ಯಾಲಯದಲ್ಲಿ ತತ್ವಪದಗಳ ಮೇಲೆ ಪಿಎಚ್‌ಡಿ ಮಾಡುತ್ತ ಅದೇ ಮುನಿರ್ಕಾದಲ್ಲಿ ಉಳಿದಳು. ಆ ದಿನದಿಂದ ಈ ಕೋಣೆಯಲ್ಲಿ ಎರಡು ಮಂಚ, ಒಂದು ಹೀಟರು. ಹೀಟರು ಧಾರಿಣಿಯ ಮಂಚದ ಪಕ್ಕದಲ್ಲಿರುತ್ತಿತ್ತು, ಪ್ಲಗ್ಗು ಆ ಗೋಡೆಯಲ್ಲಿದ್ದುದರಿಂದ. ಅಥವಾ ಹಾಗೆಂದು ಮುಬೀನಾ ಹೇಳಿದ್ದಳು.

ಎಳ್ಳು ಬೆಲ್ಲದ ಕೆಲಸ ನಡೆದದ್ದು ಆ ಶನಿವಾರಕ್ಕೂ ಹಿಂದಿನ ವಾರ. ಟೀವಿಯವರಿಗೆ ಸಂಕ್ರಾಂತಿಯ ವಿಶೇಷ ಕಾರ್ಯಕ್ರಮಕ್ಕೆ ಕನ್ನಡದ ಹೆಂಗಸೊಬ್ಬಳು ಬೇಕಾಗಿದ್ದಳು; ವಿಭಾಗದಲ್ಲಿ ಯಾರೋ ಮುಬೀನಾಳ ನಂಬರು ಕೊಟ್ಟಿದ್ದರು. ಅವಳ ಅಬ್ಬ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವವರು. ಡೆಲ್ಲಿಯಲ್ಲಿ ಸಿಗುವುದನ್ನು ಕೊಬ್ಬರಿ ಎಂದು ಒಪ್ಪದೆ ಉಂಡೆ ಕೊಬ್ಬರಿಯನ್ನು ಕೊರಿಯರಿನಲ್ಲಿ ಕಳಿಸಿದ್ದರು. ಧಾರಿಣಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಬೆನ್ನ ಹಿಂದೆ ಅಡಕತ್ತರಿ ಬೆಲ್ಲವನ್ನು ಕತ್ತರಿಸುವ ಸದ್ದು, ಮುಬೀನಾಳ ಮಾತು. ಪಕ್ಕದ ಮನೆಯ ಲೀಲಮ್ಮ ಅವಳಿಗೆ ಇದನ್ನು ಕಲಿಸಿದ್ದು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದವರು ಲೀಲಮ್ಮ. ಕೊಬ್ಬರಿ ಹೆಚ್ಚುವುದು, ಕಡಲೇಬೀಜ ಹುರಿದು ಸಿಪ್ಪೆ ಊದುವುದು, ಸಕ್ಕರೆ ಅಚ್ಚು ಹೊಯ್ಯುವುದು ಎಲ್ಲ ಅವರ ಕೆಲಸ. ಹಬ್ಬದ ದಿನ ಹೊಸ ಸೀರೆಯುಟ್ಟು ತಟ್ಟೆ ಹಿಡಿದು ಮನೆಮನೆಗೆ ಬೀರಲು ಹೋಗುವುದು ಅತ್ತಿಗೆಯ ಕೆಲಸ. "ಆದ್ರೆ ನಮ್ಮನೆಗೆ ಮಾತ್ರ ಲೀಲಮ್ಮನ್ನೇ ಕಳಿಸೋರು," ಎಂದಿದ್ದಳು ಮುಬೀನಾ, ನಗುತ್ತ. "ಸಾಬರ ಮನೆಗೆ ಕುಂಕುಮದ ಬಟ್ಟಲು ಬರಲ್ವಲ್ಲ. ಬರೀ ಎಳ್ಳು. ಅದಕ್ಕೆ ಅವರು ಬರಬಹುದಿತ್ತು. ವರ್ಷಕ್ಕೆ ಒಂದು ಸಲ ಅವರು ಹಬ್ಬಕ್ಕೆ ಅಂತ ಹೋಗ್ತಿದ್ದ ಮನೆ ನಮ್ಮದೊಂದೇ. ಅಮ್ಮಿ ಬೇಗ ಬಿಡ್ತಿರ್ಲಿಲ್ಲ, ಕೂರಿಸ್ಕೊಂಡು ಮಾತಾಡ್ತಿದ್ರು. ಟೀವಿಲಿ ನಾನು ಅವರ ಹೆಸರು ಹೇಳ್ತೀನಿ ನೋಡ್ತಿರು. ಹೆಸರು ಹೇಳಿದಾಗ ಆ ಮುದುಕಿ ಮುಖ ನೋಡಬೇಕು."

ಧಾರಿಣಿ "ಹೂಂ" ಎಂದಿದ್ದಳೋ ಇಲ್ಲವೋ. ಒಂದು ಮಧ್ಯಾಹ್ನ ಕಾಲು ತಣ್ಣಗಾಗಿ ಎಚ್ಚರವಾದಾಗ ಹೀಟರು ಮಂಚದ ಪಕ್ಕದಲ್ಲಿರಲಿಲ್ಲ. "ಮುಬೀ, ಚಳಿ," ಎಂದು ಗೊಣಗಿದ್ದು ಮಾತ್ರ ನೆನಪಿದೆ. ಸ್ವಲ್ಪ ಹೊತ್ತಿನ ಮೇಲೆ ಕೆಂಪು ಬಿಸಿ ಮತ್ತೆ ಬೆನ್ನಿಗೆ ಬಂದಿತ್ತು.

ಶನಿವಾರ ಅವಳು ಹೋದದ್ದು ಜೊತೆಗೆಂದು, ಅಷ್ಟೇ. ಮನೆಯಿಂದ ಹೊರಗೆ ಬಾ, ಗಾಳಿ ಬೆಳಕು ನೋಡು ಎಂದು ಮುಬೀನಾಳೇ ಎಬ್ಬಿಸಿದ್ದಳು. ಅಮ್ಮಿಯ ಮೊಳಕಾಲ್ಮೂರು ಸೀರೆಯನ್ನು ಉಟ್ಟುಕೊಂಡು, ಮೆಟ್ರೋದಲ್ಲಿ ನಿಂತೇ, ಯಾರದಾದರೂ ಮೊಣಕೈ ತಾಗಿ ತಟ್ಟೆಯ ಮೇಲಿನ ಸಕ್ಕರೆ ಅಚ್ಚು ಮುರಿದೀತೆಂದು ಎದೆಗೆ ಹಿಡಿದುಕೊಂಡು ಬಂದಿದ್ದಳು. ಸ್ಟುಡಿಯೋದ ಗೇಟಿನಲ್ಲಿ ಆಧಾರ್ ಕಾರ್ಡು ತೋರಿಸಿದಾಗಲೇ ಕಿಶನ್ ಎಂಬ ಹುಡುಗನಿಗೆ ಮುಬೀನಾಳ ಪೂರ್ತಿ ಹೆಸರು ಗೊತ್ತಾದದ್ದು. ಕಾರ್ಯಕ್ರಮಕ್ಕೆ ಜನರನ್ನು ಕರೆತರುವ ಕೆಲಸ ಅವನದು. ಫೋನಿನಲ್ಲಿ 'ಕನ್ನಡ್ ವಾಲೀ ಮ್ಯಾಮ್' ಎಂದಷ್ಟೇ ಕರೆಯುತ್ತ ಬಂದಿದ್ದ. ಅವನು ಕಾರ್ಡನ್ನು ನೋಡಿದ, ಸೀರೆಯನ್ನು ನೋಡಿದ, ತಲೆ ಕೆರೆದುಕೊಂಡ. ಸ್ಟುಡಿಯೋದ ಒಳಗೆ ಅರ್ಧಚಂದ್ರಾಕಾರವಾಗಿ ಕುರ್ಚಿಗಳನ್ನು ಇಟ್ಟಿದ್ದರು. ಪ್ರತಿಯೊಂದರ ಬೆನ್ನಿಗೂ ಬಿಳಿಯ ಚೀಟಿ ಅಂಟಿಸಿತ್ತು: ಪಂಜಾಬ್, ಗುಜರಾತ್, ಬಂಗಾಳ, ನಾರ್ತ್ ಈಸ್ಟ್, ಸೌತ್, ಮೈನಾರಿಟಿ. ನಾರ್ತ್ ಈಸ್ಟ್ ಕುರ್ಚಿಯಲ್ಲಿ ಆಗಲೇ ಬಂದು ಕೂತಿದ್ದ ಹುಡುಗಿ ಡಾರ್ಜಿಲಿಂಗ್‌ನವಳಂತೆ. ಅವಳ ಹೆಗಲಿಗೆ ಅಸ್ಸಾಮಿನ ಕೆಂಪಂಚಿನ ಬಿಳಿ ಬಟ್ಟೆ ಹೊದಿಸುತ್ತಿದ್ದರು. ಮೈನಾರಿಟಿ ಕುರ್ಚಿಗೆ ಗೊತ್ತು ಮಾಡಿದ್ದ ಹೆಂಗಸು ಬಂದಿರಲಿಲ್ಲ.

"ಮ್ಯಾಮ್, ಒಂದು ರಿಕ್ವೆಸ್ಟು," ಎಂದ ಕಿಶನ್ ಹಿಂದಿಯಲ್ಲಿ. "ನೀವು ಅಲ್ಲಿ ಕೂತ್ಕೊಂಡ್ರೆ ನನ್ನ ಪ್ರಾಬ್ಲಮ್ ಮುಗಿಯುತ್ತೆ."

"ಎಳ್ಳು ತೋರಿಸೋಕೆ ಕರೆದಿದ್ರಲ್ಲ? ಸೌತ್ ಅಂತ?"

"ಕರೆದಿದ್ದೆ. ಆದ್ರೆ ಮ್ಯಾಮ್, ಸೌತ್ ಕುರ್ಚೀಲಿ ನಿಮ್ಮ ಹೆಸರು ಬಂದ್ರೆ ನೋಡೋರಿಗೆ ಕನ್‌ಫ್ಯೂಸ್ ಆಗುತ್ತೆ. ಮೇಲಿನವರು ನನ್ನನ್ನ ಬೈತಾರೆ."

"ನಾನೇ ಎರಡೂ ಕಡೆ ಕೂತ್ಕೊಳ್ಳಲಾ ಹಾಗಾದ್ರೆ? ಒಂದು ಅರ್ಧ ಗಂಟೆ ಅಲ್ಲಿ, ಒಂದು ಅರ್ಧ ಗಂಟೆ ಇಲ್ಲಿ?" ಮುಬೀನಾ ತಮಾಷೆ ಮಾಡಿದಳು. ಕಿಶನ್ ನಗಲಿಲ್ಲ. ಅವನು ಕೆಟ್ಟವನೇನಲ್ಲ, ಬೆಳಗ್ಗೆಯಿಂದ ಊಟ ಮಾಡಿರದ ಮುಖ. ಆ ಮುಖ ನಿಧಾನವಾಗಿ ತಿರುಗಿ ಗೋಡೆಗೊರಗಿ ನಿಂತಿದ್ದ ಧಾರಿಣಿಯ ಮೇಲೆ ನಿಂತಿತು. "ಇವರೂ ಕನ್ನಡ್? ಅಚ್ಛಾ! ನಾಮ್?" ಹೆಸರು ಕೇಳಿದ. ಹೇಳಿದಳು. "ಪರ್ಫೆಕ್ಟ್."

ಇಲ್ಲ ಎನ್ನಬಹುದಿತ್ತು. ಎಳ್ಳು ಬೆಲ್ಲದ ಬಗ್ಗೆ ನನಗೆ ಏನೂ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಅಂಗಡಿಯಿಂದ ಪ್ಯಾಕೆಟ್ಟು ತರುತ್ತಿದ್ದರು ಎನ್ನಬಹುದಿತ್ತು. ನನ್ನ ಗಂಡ ತೀರಿಕೊಂಡು ಆರು ತಿಂಗಳು ಕೂಡ ಆಗಿಲ್ಲ ಎಂದಿದ್ದರಂತೂ ಆ ಹುಡುಗ ಕೈಮುಗಿದು ಹಿಂದೆ ಸರಿಯುತ್ತಿದ್ದ. ಆದರೆ ಆಗಸ್ಟಿನಿಂದ ಈಚೆಗೆ ಯಾರೂ ಅವಳನ್ನು ಪರ್ಫೆಕ್ಟ್ ಎಂದಿರಲಿಲ್ಲ. ಅವಳು ಮುಬೀನಾಳ ಮುಖ ನೋಡಿದಳು. ಮುಬೀನಾ ಒಂದು ಕ್ಷಣ ತಟ್ಟೆಯ ಮೇಲೆ ಕಣ್ಣಿಟ್ಟು, "ಕೂತ್ಕೋ ಪರವಾಗಿಲ್ಲ. ಎಳ್ಳು ತೋರಿಸಿದ್ರೆ ಆಯ್ತಲ್ಲ, ಯಾರು ತೋರಿಸಿದ್ರೇನು," ಎಂದಳು. ಆ ಒಂದು ಕ್ಷಣವನ್ನು ಧಾರಿಣಿ ನೋಡದವಳಂತೆ ದಾಟಿದ್ದಳು.

ಸೀರೆಯಲ್ಲಿ ಮುಬೀನಾ ಮೈನಾರಿಟಿಯ ಹಾಗೆ ಕಾಣುವುದಿಲ್ಲ ಎಂದು ಮೇಕಪ್ ಕೋಣೆಯಲ್ಲಿ ಬಟ್ಟೆ ಬದಲಾಯಿಸಿಕೊಳ್ಳಬೇಕಾಯಿತು. ಧಾರಿಣಿಯ ಕಂದುಬಣ್ಣದ ಸಲ್ವಾರು ಅವಳಿಗೆ, ಅಮ್ಮಿಯ ಸೀರೆ ಇವಳಿಗೆ. ರವಿಕೆ ದೊಗಳೆಯಾಗಿ ಬೆನ್ನಿಗೆ ಪಿನ್ನು ಹಾಕಿದಳು ಮುಬೀನಾ. ನೆರಿಗೆ ಹಿಡಿಯಲು ನೆಲದ ಮೇಲೆ ಕೂತು, ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, "ಹೊಟ್ಟೆ ಒಳಗೆ ತಗೊಳೇ ಸ್ವಲ್ಪ," ಎಂದು ಗದರಿದಳು. ಮೇಕಪ್ಪಿನ ಹೆಂಗಸು ಧಾರಿಣಿಯ ಗದ್ದವನ್ನು ಎತ್ತಿ, "ಖಾಲಿ ಹಣೆ ಏಕೆ? ಸೌತ್‌ನವರು ದೊಡ್ಡದು ಇಡ್ತೀರಲ್ಲ," ಎಂದು ಕೆಂಪು ಬಿಂದಿಯೊಂದನ್ನು ಒತ್ತಿದಳು, ಮುಡಿಗೆ ಮಲ್ಲಿಗೆ ಚುಚ್ಚಿದಳು. ಕನ್ನಡಿಯ ಸುತ್ತಲಿನ ದೀಪಗಳಲ್ಲಿ ಒಬ್ಬ ಹೆಂಗಸು ಇದ್ದಳು. ಮನೆಯಲ್ಲಿ ಯಾರೋ ಅವಳಿಗಾಗಿ ಕಾಯುತ್ತಿರುವ ಹೆಂಗಸು. ಹಿಂದಿನಿಂದ ಮುಬೀನಾ, ಕಿಶನ್ ಹೇಳಿದಂತೆ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಅಭ್ಯಾಸವಿಲ್ಲದೆ ಅದು ಮತ್ತೆ ಮತ್ತೆ ಜಾರುತ್ತಿರಲು, ಅದೇ ಕನ್ನಡಿಯಲ್ಲಿ ನೋಡುತ್ತಿದ್ದಳು. "ಚೆನ್ನಾಗಿ ಕಾಣ್ತಿದೀಯ," ಎಂದಳು. ಆಮೇಲೆ ತಟ್ಟೆ ಕೈ ಬದಲಾಯಿಸಿತು. ಅದು ಇಷ್ಟು ಭಾರವಿದೆಯೆಂದು ಧಾರಿಣಿಗೆ ಗೊತ್ತಿರಲಿಲ್ಲ.

ಆ ಬಿಂದಿ ಈಗ ಕೋಣೆಯ ಗೋಡೆಗನ್ನಡಿಯ ಮೂಲೆಯಲ್ಲಿತ್ತು. ಶನಿವಾರ ರಾತ್ರಿ ತೆಗೆದು ಬಿಸಾಡುವುದರ ಬದಲು, ನಾಳೆ ಮತ್ತೆ ಬೇಕಾಗುವವರಂತೆ ಅಲ್ಲಿ ಅಂಟಿಸಿದ್ದಳು. ಕೈಗೆ ಹಳೆಯ ಅಭ್ಯಾಸ. ಹಲ್ಲುಜ್ಜುವಾಗ ಅದು ಕನ್ನಡಿಯೊಳಗಿನ ಅವಳ ಕಿವಿಯ ಹತ್ತಿರ ಗಾಯದಂತೆ ಕಾಣಿಸಿತು. ಉಗುರಿನಿಂದ ಕೀಳಲು ಹೋದಳು. ಕಿತ್ತರೆ ಮುಬೀನಾ ಗಮನಿಸುತ್ತಾಳೆ, ಬಿಟ್ಟರೂ ಗಮನಿಸುತ್ತಾಳೆ. ಬಿಟ್ಟಳು. ಅತ್ತೆಯ ಮನೆಯಲ್ಲಿ ಹಿಂದಿ ಚಾನೆಲ್ ಹಾಕುವುದಿಲ್ಲ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿ ಸಮಾಧಾನಪಟ್ಟುಕೊಂಡಿತು. ಆ ಸಮಾಧಾನಕ್ಕೂ ನಾಚಿಕೆಯಾಯಿತು.

ಶನಿವಾರ ಸ್ಟುಡಿಯೋದಲ್ಲಿ ಅದಿತಿ ಎಂಬ ನಿರೂಪಕಿ ಅವಳ ಹತ್ತಿರ ಬಂದು ಕೂತು, ಕ್ಯಾಮೆರಾದ ಕೆಂಪು ದೀಪ ಹತ್ತಿ, "ಇಷ್ಟು ಚೆನ್ನಾಗಿ ಮಾಡೋದನ್ನ ಯಾರು ಕಲಿಸಿದ್ರು?" ಎಂದು ಕೇಳಿದಾಗ ಧಾರಿಣಿಯೊಳಗೆ ಏನೂ ಇರಲಿಲ್ಲ. ಕೈಗೆ ಹತ್ತಿರ ಸಿಕ್ಕಿದ್ದನ್ನು ಎತ್ತಿಕೊಂಡಳು. ನಮ್ಮ ಅಜ್ಜಿ, ಎಂದಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರು, ಹಬ್ಬಕ್ಕೆ ಹೊರಗೆ ಹೋಗುವ ಹಾಗಿರಲಿಲ್ಲ, ಆದರೆ ಬೀದಿಗೆಲ್ಲ ಎಳ್ಳು ಬೆಲ್ಲ ಮಾಡುತ್ತಿದ್ದರು. ಅದಿತಿಯ ಕಣ್ಣು ಒದ್ದೆಯಾಯಿತು. ಅದನ್ನು ಕಂಡು ಧಾರಿಣಿಗೆ ಇನ್ನಷ್ಟು ಕೊಡಬೇಕೆನಿಸಿತು. "ಮನೆಯಲ್ಲಿ ಯಾರಿಗೆ ತುಂಬಾ ಇಷ್ಟ ಇದು?" ಎಂದರೆ, "ನಮ್ಮ ಯಜಮಾನರಿಗೆ. ಕೊಬ್ಬರಿ ಚೂರು ಮಾತ್ರ ಆರಿಸ್ಕೊಂಡು ತಿಂತಾರೆ," ಎಂದು ನಕ್ಕಳು. ತಿಂತಾರೆ. ಪಕ್ಕದ ಕುರ್ಚಿಯಲ್ಲಿ ಮುಬೀನಾ ಅಲುಗಾಡಲಿಲ್ಲ. ಹೃಷಿಕೇಶ ಯಾವತ್ತೂ ಕೊಬ್ಬರಿ ಆರಿಸಿ ತಿಂದವನಲ್ಲ. ಡೆಲ್ಲಿಯ ದ್ವಾರಕಾದ ಕನ್ನಡದವರು ಯಾರೋ ಕೊಟ್ಟ ಎಳ್ಳಿನ ಪೊಟ್ಟಣ ಅವರ ಫ್ರಿಜ್ಜಿನಲ್ಲಿ ಯುಗಾದಿಯವರೆಗೂ ಕೂತಿರುತ್ತಿತ್ತು. ಅವನು ಅದನ್ನು ತೆರೆದದ್ದನ್ನೂ ಅವಳು ಕಂಡಿರಲಿಲ್ಲ. ಆದರೆ ಹೇಳಿದ ಮೇಲೆ ಅದು ಬೇರು ಬಿಟ್ಟಿತ್ತು. ಈ ನಾಲ್ಕು ದಿನದಲ್ಲಿ ಅವನನ್ನು ನೆನೆಯಲು ಕೂತರೆ ಬರುವವನು ಅವನೇ ಅಲ್ಲ, ಬಟ್ಟಲಲ್ಲಿ ಬೆರಳಾಡಿಸಿ ಕೊಬ್ಬರಿ ಹುಡುಕುವ ಮನುಷ್ಯ. ನಿಜವಾಗಿ ಅವನು ಏನು ತಿನ್ನುತ್ತಿದ್ದ, ಹೇಗೆ ಬೆರಳಾಡಿಸುತ್ತಿದ್ದ ಎಂಬುದು ಈ ಸುಳ್ಳಿನ ಹಿಂದೆ ಎಲ್ಲೋ ಹೋಗಿ ನಿಂತಿತ್ತು. ಅವನದೆಂದು ಉಳಿದದ್ದು ಆ ನೆನಪಷ್ಟೇ. ಅದನ್ನೂ ಕೆಡಿಸಿಕೊಂಡಿದ್ದಳು.

ಆಮೇಲೆ ಎಳ್ಳು ಬೀರಬೇಕಾಯಿತು. ಪಂಜಾಬಿಗೆ, ಗುಜರಾತಿಗೆ, ಬಂಗಾಳಕ್ಕೆ. ಎಳ್ಳು ಕೊಡುವಾಗ ಎಲ್ಲರೂ ಹೇಳುವ ಆ ಮಾತನ್ನು ಹೇಳಿ ಕೊಟ್ಟಳು. ಕೊನೆಗೆ ಮುಬೀನಾ ಕೈ ಚಾಚಿದಳು. ಹೆಬ್ಬೆರಳ ಬುಡದಲ್ಲಿ ಅಡಕತ್ತರಿಗೆ ಸಿಕ್ಕ ಹಳೆಯ ಗಾಯದ ಗುರುತಿದ್ದ ಕೈ. ಅದಿತಿ ಕೇಳಿದಳು: "ನಿಮಗೆ ಇದನ್ನ ತಿನ್ನೋದಕ್ಕೆ ಸಂಕೋಚ ಅನ್ನಿಸಲ್ವಾ?"

"ಸಂಕೋಚ ಯಾಕೆ?" ಎಂದಳು ಮುಬೀನಾ. "ಮಾಡಿದ್ದೇ ನಾನು."

ಅದಿತಿ ನಕ್ಕು ಧಾರಿಣಿಯ ಕಡೆ ತಿರುಗಿದಳು. ಅಚ್ಛಾ? ಹಾಗಾದರೆ ಯಾರು ಮಾಡಿದ್ದು? ಕ್ಯಾಮೆರಾವೂ ತಿರುಗಿತು. ಆಗಲೇ ಆ ಮಾತು ಬಂದದ್ದು. ನನ್ನ ಗೆಳತಿ ಸ್ವಲ್ಪ ಸಹಾಯ ಮಾಡಿದಳು. ಮುಬೀನಾ ತಲೆಯೆತ್ತಿ ನೋಡಿದಳು. ಸಿಟ್ಟಿನ ಮುಖವಲ್ಲ. ಸಂತೆಯಲ್ಲಿ ಗುರುತಿನವರನ್ನು ಕಂಡೆನೆಂದು ಹತ್ತಿರ ಹೋದಾಗ ಬೇರೆ ಯಾರೋ ಆಗಿರುತ್ತಾರಲ್ಲ, ಅಂಥ ಮುಖ. ಲೀಲಮ್ಮನ ಹೆಸರನ್ನು ಅವಳು ಹೇಳಲಿಲ್ಲ. ಹೇಳಲು ಜಾಗ ಉಳಿದಿರಲಿಲ್ಲ. ಆ ಹೆಂಗಸು ಆಗಲೇ ಧಾರಿಣಿಯ ಅಜ್ಜಿಯಾಗಿಹೋಗಿದ್ದಳು.

ನಾಲ್ಕು ಗಂಟೆಗೆ ಕರೆಂಟು ಇತ್ತು. ಅವರ ಕೋಣೆಯಲ್ಲಿ ಟೀವಿ ಇರಲಿಲ್ಲ, ಕೆಳಗೆ ಮನೆಯೊಡತಿ ಆಂಟೀಜಿಯ ಕೋಣೆಗೆ ಹೋಗಬೇಕು. ತಲೆ ನೋಯುತ್ತಿದೆ ಎಂದು ಧಾರಿಣಿ ಹೇಳಿ ನೋಡಿದಳು. "ನೀನು ಬರದಿದ್ರೆ ಆಂಟೀಜಿ ನನಗೆ ಒಂದು ಮಾತೂ ಕೇಳಿಸೋಕೆ ಬಿಡಲ್ಲ, ಬಾ," ಎಂದು ಮುಬೀನಾ ಕೈಹಿಡಿದು ಎಳೆದಳು. ಆಂಟೀಜಿ ಕಾಲ ಮೇಲೆ ರಜಾಯಿ ಹಾಕಿಕೊಂಡು ಕಡಲೇಕಾಯಿ ಬಿಡಿಸುತ್ತಿದ್ದಳು. ಸಿಪ್ಪೆಯನ್ನು ಪತ್ರಿಕೆಯ ಮೇಲೆ ಗುಡ್ಡೆ ಹಾಕುತ್ತ, "ಬೈಠೋ ಬೈಠೋ, ಹೀರೋಯಿನ್ ಬಂದ್ರು," ಎಂದಳು. ಜಾಹೀರಾತು ಮುಗಿಯಿತು. ಡೋಲು ಬಡಿಯಿತು. ಪಂಜಾಬು ಕುಣಿಯಿತು.

ತನ್ನ ಮುಖ ಬಂದಾಗ ಧಾರಿಣಿ ಕಾಲಬೆರಳನ್ನು ನೋಡುತ್ತಿದ್ದಳು. ದನಿ ಮಾತ್ರ ಕೇಳಿಸಿತು: ನಮ್ಮ ಅಜ್ಜಿ, ಚಿಕ್ಕ ವಯಸ್ಸಿಗೇ. ಹಿನ್ನೆಲೆಯಲ್ಲಿ ಕೊಳಲು ಹಾಕಿದ್ದರು. ಕೆಳಗೆ ಅವಳ ಹೆಸರು, ಪಕ್ಕದಲ್ಲಿ 'ಕರ್ನಾಟಕದ ಗೃಹಿಣಿ' ಎಂದು ಹಿಂದಿಯಲ್ಲಿ. ನಮ್ಮ ಯಜಮಾನರಿಗೆ, ಎಂದಿತು ದನಿ. ಆಂಟೀಜಿಯ ಕೈಯಲ್ಲಿ ಕಡಲೇಕಾಯಿ ಒಡೆಯುವುದು ನಿಂತಿತು. ಬಾಡಿಗೆ ಒಪ್ಪಂದಕ್ಕೆ ಧಾರಿಣಿಯ ಹೆಸರು ಸೇರಿಸಿದ ದಿನ ಗಂಡನ ವಿಷಯ ತಿಳಿದು ಆಂಟೀಜಿ ಒಂದು ತಿಂಗಳ ಅಡ್ವಾನ್ಸು ಬೇಡವೆಂದಿದ್ದಳು. ಈಗ ಧಾರಿಣಿಯ ಖಾಲಿ ಹಣೆಯನ್ನು ನೋಡಿದಳು, ಟೀವಿಯ ಹಣೆಯನ್ನು ನೋಡಿದಳು, ಮತ್ತೆ ಕಡಲೇಕಾಯಿ ಒಡೆಯತೊಡಗಿದಳು.

ಕೊನೆಗೆ ಎಳ್ಳು ಕೊಡುವುದು ಬಂತು. ಪಂಜಾಬು, ಗುಜರಾತು. ಆಮೇಲೆ ತೆರೆಯ ತುಂಬ ಒಂದು ಕೈ. ಹತ್ತಿರದಿಂದ ತೆಗೆದದ್ದು, ಬಹಳ ಚೆನ್ನಾಗಿ ಬಂದಿತ್ತು. ಹೆಬ್ಬೆರಳ ಬುಡದ ಗಾಯದ ಗೆರೆ ಕೂಡ. ಆ ಕೈಯ ಮೇಲೆ ಎಳ್ಳು ಬೆಲ್ಲ ಬಿತ್ತು, ಒಂದು ಕೊಬ್ಬರಿ ಚೂರು ಪುಟಿದು ಆಚೆ ಹೋಯಿತು. 'ಮಾಡಿದ್ದೇ ನಾನು' ಎಂಬುದು ಬರಲಿಲ್ಲ. ಮುಖ ಬರಲಿಲ್ಲ. ಆ ಕೈಯನ್ನೇ ತೋರಿಸುತ್ತ ಅದರ ಮೇಲೆ ಧಾರಿಣಿಯ ದನಿಯನ್ನು ಕೂರಿಸಿದ್ದರು: ನನ್ನ ಗೆಳತಿ ಸ್ವಲ್ಪ ಸಹಾಯ ಮಾಡಿದಳು. ಅದಿತಿ ಎಲ್ಲರಿಗೂ ಹಬ್ಬದ ಶುಭಾಶಯ ಹೇಳಿದಳು. ಮತ್ತೆ ಡೋಲು.

"ಇವಳದು?" ಎಂದಳು ಆಂಟೀಜಿ ಮುಬೀನಾಳ ಕಡೆ ಕಡಲೇಕಾಯಿ ತೋರಿಸಿ. "ಇಸ್ಕಾ ತೊ ಬಸ್ ಹಾಥ್ ಆಯಾ, ಬರೀ ಕೈ."

"ಕೈ ಚೆನ್ನಾಗಿ ಬಂದಿದೆ ಆಂಟೀಜಿ," ಎಂದು ಮುಬೀನಾ ಹಿಂದಿಯಲ್ಲಿ ನಗಾಡಿದಳು. "ಉಗುರು ಕತ್ತರಿಸಿಕೊಂಡು ಹೋಗಿದ್ದು ಒಳ್ಳೇದಾಯ್ತು." ಮೆಟ್ಟಿಲು ಹತ್ತುವಾಗ ಅವಳು ಮುಂದೆ, ಧಾರಿಣಿ ಹಿಂದೆ. ಈಗ ಹೇಳಬೇಕು ಎಂದುಕೊಂಡಳು ಧಾರಿಣಿ. ಈ ಮೆಟ್ಟಿಲಲ್ಲಿ, ಬೆನ್ನು ನೋಡುತ್ತಾ ಹೇಳುವುದು ಸುಲಭ. "ಮುಬೀ," ಎಂದಳು. ಅದೇ ಹೊತ್ತಿಗೆ ಮುಬೀನಾಳ ಫೋನು ಕೂಗಿತು.

ಅವಳು ಸ್ಪೀಕರ್ ಹಾಕಿ ಫೋನನ್ನು ಮಂಚದ ಮೇಲಿಟ್ಟು ಒಣಗಿದ ಬಟ್ಟೆ ಮಡಚತೊಡಗಿದಳು. "ಬಂತಲ್ಲೇ ಮುಬೀ, ಕೈ ಬಂತು!" ಎಂದು ಅಮ್ಮಿಯ ದನಿ ಕೋಣೆಯನ್ನು ತುಂಬಿತು. "ಕೈ ಬಂದ ತಕ್ಷಣ ಲೀಲಮ್ಮ ಕೂಗಿಬಿಟ್ರು, ಇದು ನಮ್ಮ ಮುಬೀ ಕೈ, ಆ ಗಾಯ ನೋಡು, ನಾನೇ ಅರಿಶಿನ ಹಚ್ಚಿದ್ದು ಅಂತ. ಬೀದಿಯೋರೆಲ್ಲ ಬಂದಿದ್ರು. ನನ್ನ ಸೀರೇನೂ ಬಂತು! ನಿನ್ನ ಗೆಳತಿಗೆ ಒಪ್ಪುತ್ತೆ ಬಿಡು. ಮುಖ ಯಾಕೆ ತೋರಿಸ್ಲಿಲ್ಲ ಅವರು?"

"ಟೈಮ್ ಸಾಲಲಿಲ್ಲವಂತೆ ಅಮ್ಮಿ."

"ಹೋಗ್ಲಿ. ಧಾರಿಣಿ ಇದಾಳಾ? ಲೀಲಮ್ಮ ಅವಳ ಹತ್ರ ಮಾತಾಡಬೇಕಂತೆ."

ಮುಬೀನಾ ಫೋನನ್ನು ಎತ್ತಿ ಧಾರಿಣಿಯ ಕೈಗೆ ಕೊಟ್ಟಳು. ಅದು ಬೆಚ್ಚಗಿತ್ತು. ಆ ಕಡೆ ಉಸಿರು, ಬಳೆಯಿಲ್ಲದ ಕೈಯಿಂದ ಫೋನು ಹಿಡಿಯುವ ಸರಭರ. "ಯಾರಮ್ಮ, ಟೀವಿಲಿ ಬಂದ ಮಗೂನಾ? ಚೆನ್ನಾಗಿ ಕಾಣಿಸ್ದೆ ಕಣಮ್ಮ. ಹೂವು, ಹಣೆ, ತುಂಬಿದ ಮನೆ ಇದ್ದ ಹಾಗಿದ್ದೆ. ನೂರು ಕಾಲ ಮುತ್ತೈದೆಯಾಗಿರು." ಧಾರಿಣಿ ಏನೋ ಅಂದಳು. "ನಿಮ್ಮಜ್ಜಿ ಕತೆ ಇವರು ಹೇಳಿದ್ರು. ಪಾಪ, ನನ್ನ ಹಾಗೇನೇ. ನನ್ನಂಥವಳು ಇನ್ನೊಬ್ಬಳಿದ್ಲು ಅಂತ ಕೇಳಿ ಒಂಥರಾ ಆಯ್ತು. ಯಾವೂರಮ್ಮ ಅವರದು?"

"ಅಲ್ಲೇ," ಎಂದಳು ಧಾರಿಣಿ. "ಆ ಕಡೇನೇ."

"ಹೌದಾ? ಇರ್ಲಿ. ಒಂದು ಕೇಳಬೇಕಿತ್ತು ನಿನ್ನ. ಡೆಲ್ಲಿಲಿ ಈಗ ಬಿಸಿಲೇ ಬರಲ್ವಂತಲ್ಲ. ಹೆಚ್ಚಿದ ಕೊಬ್ಬರಿ ಒಂದು ದಿನ ಒಣಗದಿದ್ರೆ ಎಳ್ಳೆಲ್ಲ ಮುಗ್ಗಲು. ನಿಂದು ನೋಡಿದ್ರೆ ಗರಿಗರಿಯಾಗಿತ್ತು, ಬಿದ್ದ ಚೂರು ಪುಟೀತು. ಹೇಗೆ ಒಣಗಿಸ್ದೆ?"

ಧಾರಿಣಿ ಕೋಣೆಯನ್ನೆಲ್ಲ ನೋಡಿದಳು. ಮಂಜು ಮೆತ್ತಿದ ಕಿಟಕಿ. ಹೀಟರು. ಆ ಮಧ್ಯಾಹ್ನ ಕಾಲು ತಣ್ಣಗಾದದ್ದು ಯಾಕೆಂದು ಈಗ ಹೊಳೆಯಿತು. ಆದರೆ ಹೀಟರು ಅರೆಗಳಿಗೆಯಲ್ಲಿ ತನ್ನ ಬೆನ್ನಿಗೆ ವಾಪಸು ಬಂದಿತ್ತಲ್ಲ, ಆಮೇಲೆ ಕೊಬ್ಬರಿ ಒಣಗಿದ್ದು ಹೇಗೆ? ಎದುರಿಗೆ ಮುಬೀನಾ, ಮಡಚುತ್ತಿದ್ದ ಟವೆಲನ್ನು ಗದ್ದಕ್ಕೆ ಒತ್ತಿ ಹಿಡಿದು, ದನಿಯಿಲ್ಲದೆ ತುಟಿಯಾಡಿಸುತ್ತ ಉತ್ತರವನ್ನು ಹೇಳಿಕೊಡುತ್ತಿದ್ದಳು. ಪರೀಕ್ಷೆಯಲ್ಲಿ ಪಕ್ಕದವಳಿಗೆ ಹೇಳಿಕೊಡುವ ಹುಡುಗಿಯಂತೆ, ಹುಬ್ಬೆತ್ತಿ, ಅರ್ಥವಾಗಲಿ ಎಂದು ಮತ್ತೆ ಮತ್ತೆ. ಈಗಲೂ ಸಹಾಯ ಮಾಡುತ್ತಿದ್ದಳು.

ಧಾರಿಣಿ ಕಣ್ಣು ಬೇರೆ ಕಡೆ ಮಾಡಿಕೊಂಡಳು.

"ಗೊತ್ತಿಲ್ಲ ಲೀಲಮ್ಮ. ಅದನ್ನ ಮಾಡಿದ್ದು ನಾನಲ್ಲ. ಮುಬೀನಾ."

"ಸಹಾಯ ಮಾಡಿದ್ಲು ಅಂದ್ಯಲ್ಲ?"

"ಸಹಾಯ ಅಲ್ಲ. ಎಲ್ಲಾ ಅವಳೇ ಮಾಡಿದ್ದು. ನಾನು ಮಲಗಿದ್ದೆ."

ಟವೆಲು ಮುಬೀನಾಳ ಗದ್ದದಿಂದ ಜಾರಿತು. ಆ ಕಡೆ ತಿಪಟೂರಿನಲ್ಲಿ ಟೀವಿಯ ಸದ್ದು, ಯಾರೋ ಮಕ್ಕಳ ಗಲಾಟೆ.

"ಮತ್ತೆ ನಿಮ್ಮಜ್ಜಿ?"

"ಅದು ನೀವು. ಮುಬೀ ನಿಮ್ಮ ವಿಷಯ ಹೇಳಿದ್ಲು. ನಾನು ನಮ್ಮಜ್ಜಿ ಅಂದ್ಬಿಟ್ಟೆ."

ಫೋನು ಕಟ್ಟಾಯಿತೇನೋ ಎಂದು ಧಾರಿಣಿ ನೋಡಿದಳು, ಇತ್ತು. ಕಟ್ಟಾಗಿರಲಿ ಎಂದು ಬೆಳಗಿನಿಂದ ಆಸೆಪಟ್ಟದ್ದು ಯಾವುದೂ ಆಗಿರಲಿಲ್ಲ. ಆಮೇಲೆ ಲೀಲಮ್ಮನ ದನಿ, ಮೊದಲಿಗಿಂತ ಮೆಲ್ಲಗೆ, ಕೇಳಬಾರದ್ದನ್ನು ಕೇಳುವವರ ಹಾಗೆ ಕೇಳಿತು. "ಯಜಮಾನ್ರು?"

ಈ ಮಾತನ್ನು ಆಗಸ್ಟಿನಿಂದ ಅವಳು ತನ್ನ ಬಾಯಿಂದ ಆಡಿರಲಿಲ್ಲ. ಆಸ್ಪತ್ರೆಯವರು ಹೇಳಿದ್ದರು, ಭಾವ ಹೇಳಿದ್ದರು, ಬಾಡಿಗೆ ಮನೆಗೆ ಬಂದಾಗ ಮುಬೀನಾ ಹೇಳಿದ್ದಳು. ಹೇಳುವವರು ಇದ್ದೇ ಇದ್ದರು.

"ಇಲ್ಲ," ಎಂದಳು.

"ಹೂಂ," ಎಂದರು ಲೀಲಮ್ಮ. ಅದರಲ್ಲಿ ಮರುಕವಿತ್ತೋ ಬೇರೇನೋ, ಗೊತ್ತಾಗುವಷ್ಟು ಉದ್ದವಿರಲಿಲ್ಲ. "ಮುಬೀಗೆ ಕೊಡಮ್ಮ ಫೋನು."

ಮುಬೀನಾ ಫೋನು ತೆಗೆದುಕೊಂಡು ಸ್ಪೀಕರ್ ಆರಿಸಿದಳು. ಧಾರಿಣಿಯ ಮುಖ ನೋಡಲಿಲ್ಲ. ಶನಿವಾರದಿಂದ ಇದೇ ಮೊದಲ ಸಲ ನೋಡದೆ ಇದ್ದದ್ದು. ಬಾಗಿಲು ತೆಗೆದು ಹೊರಗೆ ಕಿರಿದಾದ ಬಾಲ್ಕನಿಗೆ ಹೋಗಿ ನಿಂತಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಚಳಿಯೂ ಮಾತೂ ಒಳಗೆ ಬರುತ್ತವೆ. "ಇಲ್ಲ ಲೀಲಮ್ಮ, ಹೀಟರ್ ಬೇಕಾಗಿತ್ತು ಮನೇಲಿ... ಲೈಬ್ರರಿಗೆ ತಗೊಂಡು ಹೋದೆ... ಹೂಂ, ಪುಸ್ತಕದ ಲೈಬ್ರರೀನೇ! ಓದೋ ಕೋಣೇಲಿ ದೊಡ್ಡ ಹೀಟರ್ ಇದೆ. ಅದರ ಪಕ್ಕ ಪೇಪರ್ ಹರಡಿ ಅದರ ಮೇಲೆ ಕೊಬ್ಬರಿ ಹಾಕ್ಕೊಂಡು, ಮುಂದೆ ಪುಸ್ತಕ ಇಟ್ಕೊಂಡು, ಓದೋ ಹಾಗೆ ಕೂತಿದ್ದೆ. ಎರಡು ದಿನ. ಎಲ್ರೂ ಮೂಗು ಏರಿಸಿ ವಾಸನೆ ನೋಡೋರು..." ಆ ಕಡೆಯಿಂದ ಲೀಲಮ್ಮ ನಗುವುದು ಫೋನಿನ ಹೊರಗೂ ಕೇಳಿಸುತ್ತಿತ್ತು. ಬಹಳ ದಿನದಿಂದ ನಕ್ಕಿರದವರ ನಗು, ಕೆಮ್ಮಾಗಿ ಮುಗಿಯಿತು.

ಧಾರಿಣಿ ಮಂಚದ ಮೇಲೆ ಕೂತಳು. ಕೆಂಪು ಕಾವು ಅವಳ ಮೊಣಕಾಲನ್ನು ಸುಡುತ್ತಿತ್ತು. ಅವಳು ಕಾಲಿನಿಂದ ಹೀಟರನ್ನು ನಿಧಾನವಾಗಿ ಆಚೆಗೆ ತಳ್ಳಿದಳು, ಮುಬೀನಾಳ ಮಂಚದ ಕಡೆಗೆ. ನೆಲದ ಮಧ್ಯದವರೆಗೆ ಹೋಗಿ ನಿಂತಿತು. ವೈರು ಅಷ್ಟು ದೂರ ಬರಲಿಲ್ಲ.